ಮೊಬೈಲ್ ಚಾರ್ಜ್ ಏರುತ್ತಿಲ್ಲವೇ? ಬ್ಯಾಟರಿಯನ್ನು ಕೊನೆಗೆ ಬೈಯಿರಿ

ಮೊಬೈಲ್ ಸರಿಯಾಗಿ ಚಾರ್ಜ್ ಆಗದಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಬ್ಯಾಟರಿ ಹೋಗಿದೆ ಅನ್ಸುತ್ತೆ’. ಪಾಪ, ಬಹಳ ಸಲ ಬ್ಯಾಟರಿ ನೆಟ್ಟಗೇ ಇರುತ್ತದೆ. ಗೋಡೆಯ ಸಾಕೆಟ್ಟಿನಿಂದ ಹೊರಟ ಕರೆಂಟು ಅಡಾಪ್ಟರ್, ಕೇಬಲ್, ಮೊಬೈಲಿನ ಚಾರ್ಜಿಂಗ್ ಪಿನ್ (ಕೇಬಲ್ ಚುಚ್ಚುವ ಕಿಂಡಿ), ಒಳಗಿನ ಬೋರ್ಡು ಇಷ್ಟನ್ನೂ ದಾಟಿಯೇ ಬ್ಯಾಟರಿ ಮುಟ್ಟಬೇಕು. ನೀವೂ ಅದೇ ದಾರಿಯಲ್ಲಿ ಒಂದೊಂದೇ ಹೆಜ್ಜೆ ನೋಡುತ್ತಾ ಹೋದರೆ ರಿಪೇರಿ ಅಂಗಡಿಗೆ ಹೋಗುವ ಮೊದಲೇ ತೊಂದರೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೆಳಗೆ ಹೇಳಿದ್ದರಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಒಂದು ಟಾರ್ಚ್, ಒಂದು ಹಲ್ಲುಕಡ್ಡಿ, ಪಕ್ಕದಲ್ಲಿ ಇನ್ನೊಂದು ಮೊಬೈಲ್.

ಆ ಇನ್ನೊಂದು ಮೊಬೈಲ್ ಯಾಕೆಂದರೆ, ಅದನ್ನೇ ನಿಮ್ಮ ಅಡಾಪ್ಟರಿಗೂ ಕೇಬಲ್ಲಿಗೂ ಹಾಕಿ ನೋಡಿ. ಅದೂ ಚಾರ್ಜ್ ಆಗದಿದ್ದರೆ ನಿಮ್ಮ ಮೊಬೈಲ್ ನಿರಪರಾಧಿ. ಆಮೇಲೆ ಕೇಬಲ್ ಮಾತ್ರ ಬದಲಿಸಿ, ನಂತರ ಅಡಾಪ್ಟರ್ ಮಾತ್ರ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ. ಸಾಕೆಟ್ಟನ್ನೂ ಮರೆಯಬೇಡಿ. ಎರಡು ಪಿನ್ನಿನ ಅಡಾಪ್ಟರ್ ಹಳೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ತನ್ನ ಭಾರಕ್ಕೇ ಜೋತುಬಿದ್ದಿರುತ್ತದೆ, ಒಳಗೆ ಚಿಟಚಿಟ ಸದ್ದು ಬರುತ್ತಿರುತ್ತದೆ. ಅಂಥ ಸಾಕೆಟ್ಟಿನಲ್ಲಿ ಚಾರ್ಜ್ ಬಂದು ಹೋಗಿ ಮಾಡುವುದು ಸಹಜ.

ಕೇಬಲ್ ವಿಷಯಕ್ಕೆ ಬಂದರೆ, ನೋಡಲು ಹೊಸದಾಗಿದೆ ಎಂದ ಮಾತ್ರಕ್ಕೆ ಒಳ್ಳೆಯದಿರಬೇಕೆಂದೇನೂ ಇಲ್ಲ. ಒಳಗಿನ ತಾಮ್ರದ ಎಳೆ ಎಷ್ಟು ದಪ್ಪ ಎಂಬುದೇ ಮುಖ್ಯ. ಅಗ್ಗದ ಕೇಬಲ್ಲುಗಳಲ್ಲಿ ಕರೆಂಟಿನ ತಂತಿಯೂ 28 ಗೇಜಿನದೇ ಇರುವುದುಂಟು (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು). ಆ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಎರಡು ಮೀಟರ್ ಕೇಬಲ್ ಎಂದರೆ ಹೋಗಿ ಬರುವ ದಾರಿ ನಾಲ್ಕು ಮೀಟರ್, ಅಂದರೆ ಹತ್ತಿರ ಹತ್ತಿರ 0.85 ಓಮ್. ಅದರಲ್ಲಿ 2 ಆಂಪಿಯರ್ ಹರಿದರೆ ದಾರಿಯಲ್ಲೇ 1.7 ವೋಲ್ಟ್ ಸೋರಿಹೋಗುತ್ತದೆ, 5 ವೋಲ್ಟಿನಲ್ಲಿ ಮೊಬೈಲಿಗೆ ತಲುಪುವುದು ಬರೀ 3.3. ವೋಲ್ಟೇಜ್ ಕುಸಿಯುವುದನ್ನು ಮೊಬೈಲ್ ಗಮನಿಸಿ ತಾನು ಎಳೆಯುವ ಕರೆಂಟನ್ನೇ ಇಳಿಸಿಕೊಳ್ಳುತ್ತದೆ. ನಿಮಗೆ ಕಾಣುವುದು ಇಷ್ಟೇ: ‘ಚಾರ್ಜ್ ಆಗುತ್ತಿದೆ, ಆದರೆ ಏರುತ್ತಿಲ್ಲ’. ಅದೇ 24 ಗೇಜಿನ ಒಂದು ಮೀಟರ್ ಕೇಬಲ್ಲಿನಲ್ಲಿ ಸೋರುವುದು ಸುಮಾರು 0.34 ವೋಲ್ಟ್. ಹಾಸಿಗೆಯ ತನಕ ಬರಲಿ ಎಂದು ಮೂರು ಮೀಟರಿನ ತೆಳು ಕೇಬಲ್ ಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇನ್ನೊಂದು ಲೆಕ್ಕವೂ ಇದೆ. 5000 ಎಂಎಎಚ್ ಬ್ಯಾಟರಿ ಎಂದರೆ 3.85 ವೋಲ್ಟಿಗೆ ಗುಣಿಸಿದಾಗ ಸುಮಾರು 19 ವ್ಯಾಟ್-ಅವರ್. 10 ವ್ಯಾಟಿನ ಅಡಾಪ್ಟರಿನಲ್ಲಿ, ಬಿಸಿಯಾಗಿ ಹೋಗುವ ನಷ್ಟ ಸೇರಿಸಿದರೆ, ಎರಡೂವರೆ ತಾಸಿನ ಮೇಲಾಗುತ್ತದೆ. ಹಳೇ ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ಅದರಲ್ಲಿ ಇಡೀ ರಾತ್ರಿ ಬೇಕು. ಸ್ಕ್ರೀನ್ ಆನ್ ಇಟ್ಟು ವಿಡಿಯೊ ನೋಡುತ್ತಿದ್ದರಂತೂ ಪರ್ಸೆಂಟ್ ಇಳಿಯಲೂಬಹುದು. ಇದು ಕೆಟ್ಟಿರುವುದಲ್ಲ, ಸಾಲದಿರುವುದು.

‘65 ವ್ಯಾಟ್ ಅಡಾಪ್ಟರ್ ತಂದರೂ ಫಾಸ್ಟ್ ಚಾರ್ಜ್ ಬರುತ್ತಿಲ್ಲ’ ಎನ್ನುವುದು ಈಗ ಎಲ್ಲೆಲ್ಲೂ ಕೇಳುವ ದೂರು. ಅಡಾಪ್ಟರಿನ ಮೈಮೇಲಿನ ಸಣ್ಣ ಅಕ್ಷರವನ್ನು ಮೊಬೈಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ, ಉತ್ತರ ಅಲ್ಲೇ ಇರುತ್ತದೆ. ಸ್ಯಾಮ್ಸಂಗಿನ 25 ವ್ಯಾಟ್ ಅಡಾಪ್ಟರಿನ ಮೇಲೆ ಪಿಡಿಒ ಎಂದು ಬರೆದು 5 ವೋಲ್ಟ್ 3 ಆಂಪ್, 9 ವೋಲ್ಟ್ 2.77 ಆಂಪ್ ಎಂದಿರುತ್ತದೆ, ಅಂದರೆ ಅದು ಕೊಡುವ ನಿಗದಿತ ವೋಲ್ಟೇಜುಗಳು. ಅದರ ಕೆಳಗೆ ಪಿಪಿಎಸ್ ಎಂದು 3.3ರಿಂದ 5.9 ವೋಲ್ಟ್, 3.3ರಿಂದ 11 ವೋಲ್ಟ್ ಎಂಬ ಇನ್ನೊಂದು ಸಾಲು. ಆ ಎರಡನೇ ಸಾಲೇ ಗುಟ್ಟು. ಪಿಪಿಎಸ್‌ನಲ್ಲಿ ಮೊಬೈಲ್ ತನಗೆ ಬೇಕಾದ ವೋಲ್ಟೇಜನ್ನು ಕ್ಷಣಕ್ಷಣವೂ ಚೂರುಚೂರಾಗಿ ಕೇಳಿ ಪಡೆಯುತ್ತದೆ. ಸ್ಯಾಮ್ಸಂಗಿನ ‘ಸೂಪರ್ ಫಾಸ್ಟ್’ಗೆ ಅದು ಬೇಕೇ ಬೇಕು. ಪಿಪಿಎಸ್ ಇಲ್ಲದ ಅಡಾಪ್ಟರ್ 65 ವ್ಯಾಟಿನದಾದರೂ ಬರೀ ‘ಫಾಸ್ಟ್’ನಲ್ಲೇ ನಿಲ್ಲುತ್ತದೆ. 45 ವ್ಯಾಟ್ ಬೇಕೆಂದರೆ ಕೇಬಲ್ಲೂ 5 ಆಂಪಿಯರಿನದಾಗಿರಬೇಕು, ಸಾಮಾನ್ಯ ಟೈಪ್ ಸಿ ಕೇಬಲ್ಲಿನ ಮಿತಿ 3 ಆಂಪಿಯರ್. 5 ಆಂಪಿಯರಿನ ಕೇಬಲ್ಲಿನ ತುದಿಯಲ್ಲಿ ತಾನು ಯಾರೆಂದು ಹೇಳಿಕೊಳ್ಳುವ ಒಂದು ಪುಟ್ಟ ಚಿಪ್ ಇರುತ್ತದೆ. ಚಿಪ್ ಮಾತಾಡದಿದ್ದರೆ ಅಡಾಪ್ಟರ್ 3ರ ಮೇಲೆ ಕೊಡುವುದಿಲ್ಲ.

ಒಪ್ಪೊ, ಒನ್‌ಪ್ಲಸ್, ರಿಯಲ್‌ಮಿ ಮೊಬೈಲುಗಳ ಕತೆ ಬೇರೆ. ಸೂಪರ್‌ವೂಕ್ ಎಂಬ ಫಾಸ್ಟ್ ಚಾರ್ಜ್ ಅವುಗಳ ಸ್ವಂತ ಪದ್ಧತಿ. 65 ವ್ಯಾಟಿನ ಅಡಾಪ್ಟರಿನ ಮೇಲೆ 10 ವೋಲ್ಟ್ 6.5 ಆಂಪ್ ಎಂದಿರುತ್ತದೆ. ಅದು ಕೆಲಸ ಮಾಡಲು ಅಡಾಪ್ಟರ್, ಕೇಬಲ್, ಮೊಬೈಲ್ ಮೂರೂ ಒಂದನ್ನೊಂದು ಗುರುತು ಹಿಡಿಯಬೇಕು. ಮಾರುಕಟ್ಟೆಯ ಬೇರೆ ಕೇಬಲ್ ಹಾಕಿದಿರೋ, ಅದೇ ಅಡಾಪ್ಟರ್ 5 ವೋಲ್ಟ್ 2 ಆಂಪಿಗೆ, ಅಂದರೆ 10 ವ್ಯಾಟಿಗೆ, ಇಳಿದುಬಿಡಬಹುದು. ಈ ಮೊಬೈಲುಗಳವರು ಕಂಪನಿಯ ಕೇಬಲ್ ಕಳೆದುಕೊಂಡರೆ ಅದನ್ನೇ ಕೊಳ್ಳುವುದು ಒಳ್ಳೆಯದು. ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ಆರ್ ಎಂದು ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟ ನಂಬರ್ ಎಂದು ಬರುತ್ತದೆ. ಚಾರ್ಜರ್ ಮೇಲೆ ಬೇರೆ ಯಾವುದೋ ವಸ್ತುವಿನ ನಂಬರ್ ಇದ್ದರೆ ಆ ಚಾರ್ಜರನ್ನು ಮುಟ್ಟಬೇಡಿ.

ಒಂದು ವಿಚಿತ್ರ: ಟ್ರಿಮ್ಮರ್, ಅಗ್ಗದ ಇಯರ್‌ಬಡ್ಸ್, ಟಾರ್ಚು ಇಂಥವುಗಳಲ್ಲಿ ಕೆಲವು ಎರಡೂ ಕಡೆ ಟೈಪ್ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜೇ ಆಗುವುದಿಲ್ಲ, ಹಳೇ ಚಪ್ಪಟೆ ಯುಎಸ್‌ಬಿಯಿಂದ ಟೈಪ್ ಸಿಗೆ ಬರುವ ಕೇಬಲ್ಲಿನಲ್ಲಿ ಮಾತ್ರ ಆಗುತ್ತವೆ. ಟೈಪ್ ಸಿ ಅಡಾಪ್ಟರ್ ಎದುರಿನ ವಸ್ತುವಿನಲ್ಲಿ 5.1 ಕಿಲೊಓಮಿನ ರೆಸಿಸ್ಟರ್ ಕಂಡರೆ ಮಾತ್ರ ಕರೆಂಟು ಬಿಡುತ್ತದೆ. ಪುಡಿಗಾಸು ಉಳಿಸಲು ತಯಾರಕರು ಆ ರೆಸಿಸ್ಟರನ್ನೇ ಹಾಕಿರುವುದಿಲ್ಲ. ವಸ್ತು ಕೆಟ್ಟಿಲ್ಲ, ಹಳೇ ಕೇಬಲ್ ಎಸೆಯಬೇಡಿ ಅಷ್ಟೇ.

ಈಗ ಪಿನ್ನಿಗೆ ಬರೋಣ. ಎರಡು ವರ್ಷ ಜೇಬಿನಲ್ಲಿ ಓಡಾಡಿದ ಮೊಬೈಲಿನಲ್ಲಿ ನಾನು ಮೊದಲು ಅನುಮಾನಿಸುವುದೇ ಇದನ್ನು. ಪ್ಯಾಂಟಿನ ಬಟ್ಟೆಯ ಎಳೆ, ಧೂಳು ಒಳಗೆ ಸೇರುತ್ತವೆ. ಪ್ರತಿಸಲ ಕೇಬಲ್ ಚುಚ್ಚಿದಾಗಲೂ ಅದು ಅವನ್ನು ಹಿಂದಕ್ಕೆ ಒತ್ತಿ ಒತ್ತಿ ಗಟ್ಟಿ ಕಂಬಳಿ ಮಾಡಿಬಿಡುತ್ತದೆ. ಲಕ್ಷಣ ಸುಲಭ: ಕೇಬಲ್ ‘ಟಕ್’ ಎಂದು ಕೂರುವುದಿಲ್ಲ. ಚುಚ್ಚಿದ ಮೇಲೂ ತುದಿಯ ಲೋಹ ಒಂದು ಮಿಲಿಮೀಟರಿನಷ್ಟು ಹೊರಗೆ ಕಾಣುತ್ತದೆ. ಮೊಬೈಲ್ ಎತ್ತಿದರೆ ಚಾರ್ಜ್ ನಿಲ್ಲುತ್ತದೆ, ಕೇಬಲ್ ಒಂದು ಕಡೆಗೆ ವಾಲಿಸಿ ಹಿಡಿದರೆ ಆಗುತ್ತದೆ. ಎಲ್ಲರೂ ಇದನ್ನು ‘ಪಿನ್ ಲೂಸ್ ಆಗಿದೆ’ ಎನ್ನುತ್ತಾರೆ. ಲೂಸ್ ಆಗಿರುವುದಿಲ್ಲ, ತುಂಬಿಕೊಂಡಿರುತ್ತದೆ.

ಮೊಬೈಲನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಟಾರ್ಚ್ ಬಿಟ್ಟು ಒಳಗೆ ನೋಡಿ. ಟೈಪ್ ಸಿ ಪಿನ್ನಿನ ನಡುವೆ ಒಂದು ತೆಳು ನಾಲಿಗೆ ಇರುತ್ತದೆ, ಅದರ ಎರಡೂ ಮೈಮೇಲೆ ಹನ್ನೆರಡು ಹನ್ನೆರಡರಂತೆ 24 ಸಂಪರ್ಕಗಳು. ಆ ನಾಲಿಗೆ ಮುರಿದರೆ ಪಿನ್ನಿನ ಕತೆ ಮುಗಿದಂತೆ, ಆದ್ದರಿಂದ ಅದರ ಮೇಲೆ ಒತ್ತಡ ಹಾಕಲೇಬೇಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಹೆರೆದು ಚಪ್ಪಟೆ ಮಾಡಿಕೊಳ್ಳಿ. ನಾಲಿಗೆಗೂ ಹೊರಗೋಡೆಗೂ ನಡುವಿನ ಸಂದಿಯಲ್ಲಿ ಗೋಡೆಯ ಕಡೆಗೇ ತಾಗಿಸಿಕೊಂಡು ತಳದವರೆಗೆ ಇಳಿಸಿ, ಕೊಕ್ಕೆಯಂತೆ ಹೊರಗೆ ಎಳೆಯಿರಿ. ಮೂಲೆಗಳಲ್ಲಿ ಹೆಚ್ಚು ಕಸ. ಮೊಬೈಲಿನ ಬಾಯಿ ಕೆಳಗೆ ಮಾಡಿ ತಟ್ಟಿ, ಮತ್ತೆ ನೋಡಿ. ಬೂದು ಬಣ್ಣದ ಉಂಡೆ ಹೊರಬಿದ್ದಾಗ ‘ಇಷ್ಟೊಂದು ಎಲ್ಲಿತ್ತು’ ಎನಿಸುತ್ತದೆ. ಸೂಜಿ, ಗುಂಡುಪಿನ್ನು ಬೇಡ: ಲೋಹ ಸಂಪರ್ಕಗಳನ್ನು ಕೆರೆದು ಹಾಳು ಮಾಡುತ್ತದೆ, ಶಾರ್ಟ್ ಆಗುವ ಭಯ ಬೇರೆ. ಬಾಯಿಂದ ಊದುವುದೂ ಬೇಡ, ಉಗುಳಿನ ಹನಿ ಹೋಗುತ್ತದೆ.

ಕೇಬಲ್ಲನ್ನು ಒಂದು ಮಗ್ಗುಲಿಗೆ ಹಾಕಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಹಾಕಿದರೆ ಇಲ್ಲ ಎಂದಾದರೆ ಕಾರಣ ಸ್ಪಷ್ಟ. ಎದುರಿಗೆ ಮೊಬೈಲ್ ಇದೆ ಎಂದು ಅಡಾಪ್ಟರಿಗೆ ತಿಳಿಸುವ ಸಿಸಿ ಎಂಬ ಸಂಪರ್ಕ ಮೊಬೈಲಿನಲ್ಲಿ ಎರಡಿವೆ, ಕೇಬಲ್ಲಿನಲ್ಲಿ ಅದರ ತಂತಿ ಒಂದೇ. ತಿರುಗಿಸಿದಾಗ ಅದು ಇನ್ನೊಂದು ಸಂಪರ್ಕಕ್ಕೆ ತಾಗುತ್ತದೆ. ಆ ಎರಡರಲ್ಲಿ ಒಂದು ಕೊಳೆಯಾಗಿದೆ ಅಥವಾ ಸವೆದಿದೆ. ಮೊದಲು ಶುಚಿ ಮಾಡಿ, ಆಗಲೂ ಹಾಗೇ ಇದ್ದರೆ ಪಿನ್ ಬದಲಿಸಬೇಕು. ಹಳೇ ಐಫೋನಿನ ಲೈಟ್ನಿಂಗ್ ಕೇಬಲ್ಲಿನಲ್ಲಾದರೆ ತುದಿಯ ಎಂಟು ಚಿನ್ನದ ಗೆರೆಗಳಲ್ಲಿ ಒಂದು ಕಪ್ಪಾಗಿದೆಯೇ ನೋಡಿ. ಅದು ಸುಟ್ಟ ಗುರುತು, ಆ ಕೇಬಲ್ಲಿನ ಕೆಲಸ ಮುಗಿಯಿತು.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಕಡೆ, ನೀರಿನ ಹನಿಯ ಚಿತ್ರ ತೋರಿಸಿ ಮೊಬೈಲ್ ಚಾರ್ಜನ್ನೇ ನಿಲ್ಲಿಸುವುದುಂಟು. ಅದರ ಮಾತು ಕೇಳಿ. ತೇವವಿದ್ದಾಗ ಸಂಪರ್ಕಗಳ ನಡುವೆ ವೋಲ್ಟೇಜ್ ಬಿದ್ದರೆ ಲೋಹ ಕರಗಿ ಹಸಿರು ಕಿಲುಬು ಹಿಡಿಯುತ್ತದೆ, ಆ ಹಾನಿ ವಾಪಸು ಬರುವುದಿಲ್ಲ. ಪಿನ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಕನಿಷ್ಠ ಅರ್ಧ ಗಂಟೆ ಬಿಡಿ. ಪೂರ್ತಿ ಆರಲು ಒಂದು ದಿನವೂ ಹಿಡಿಯಬಹುದು. ಅಕ್ಕಿ ಡಬ್ಬಿಗೆ ಹಾಕಬೇಡಿ. ಅಕ್ಕಿಯ ಪುಡಿ ಒಳಗೆ ಸೇರಬಹುದು ಎಂದು ಆ್ಯಪಲ್ ಕೂಡ ಬರೆದೇ ಎಚ್ಚರಿಸಿದೆ. ಹೇರ್ ಡ್ರೈಯರ್ ಸಹ ಬೇಡ. ತುರ್ತಿದ್ದರೆ ವೈರ್‌ಲೆಸ್ ಚಾರ್ಜರ್ ಬಳಸಬಹುದು, ಮೊಬೈಲಿನ ಹಿಂಭಾಗ ಒರೆಸಿ ಒಣಗಿಸಿಕೊಂಡು.

ವೈರ್‌ಲೆಸ್ ಇರುವವರಿಗೆ ಅದೇ ಒಳ್ಳೆಯ ಪರೀಕ್ಷೆಯೂ ಹೌದು. ಪ್ಯಾಡ್ ಮೇಲೆ ಇಟ್ಟಾಗ ಚಾರ್ಜ್ ಏರುತ್ತದೆ, ಕೇಬಲ್ಲಿನಲ್ಲಿ ಮಾತ್ರ ಇಲ್ಲ ಎಂದರೆ ಬ್ಯಾಟರಿ ಚೆನ್ನಾಗಿದೆ, ತೊಂದರೆ ಪಿನ್ನಿನಲ್ಲೋ ಅದು ಕೂತ ಬೋರ್ಡಿನಲ್ಲೋ ಇದೆ.

ಚಾರ್ಜಿಗಿಟ್ಟಾಗ ಮೊಬೈಲಿನ ಲೋಹದ ಅಂಚು ಮುಟ್ಟಿದರೆ ‘ಜುಂ’ ಎನ್ನುತ್ತದೆ ಎಂದು ಹೆದರುವವರಿದ್ದಾರೆ. ಅಡಾಪ್ಟರಿನಲ್ಲಿ 230 ವೋಲ್ಟಿನ ಕಡೆಗೂ ಮೊಬೈಲಿನ ಕಡೆಗೂ ನಡುವೆ ವೈ ಕೆಪಾಸಿಟರ್ ಎಂಬುದಿರುತ್ತದೆ. ಅದರ ಮೂಲಕ ಮೈಕ್ರೊಆಂಪ್ ಲೆಕ್ಕದಲ್ಲಿ ಕರೆಂಟು ಸೋರುತ್ತದೆ. ಎರಡು ಪಿನ್ನಿನ ಅಡಾಪ್ಟರಿಗೆ ಅರ್ತಿಂಗ್ ಇಲ್ಲದ್ದರಿಂದ ಅದು ನಿಮ್ಮ ಮೈಯ ದಾರಿ ಹಿಡಿಯುತ್ತದೆ, ಬರಿಗಾಲಲ್ಲಿ ನೆಲದ ಮೇಲೆ ನಿಂತಾಗ ಹೆಚ್ಚು ಗೊತ್ತಾಗುತ್ತದೆ. ಕಂಪನಿ ಅಡಾಪ್ಟರಿನಲ್ಲಿ ಈ ಸಣ್ಣ ಜುಮ್ಮು ಅಪಾಯವಲ್ಲ. ಹೊಡೆದಂತೆ ಜೋರಾಗಿ ಆದರೆ, ಅದೂ ಹೆಸರಿಲ್ಲದ ಅಡಾಪ್ಟರಿನಲ್ಲಿ, ತಕ್ಷಣ ಸ್ವಿಚ್ ಆಫ್ ಮಾಡಿ ಎಸೆಯಿರಿ. ಚಾರ್ಜಿಗಿಟ್ಟಾಗ ಮಾತ್ರ ಟಚ್ ಹುಚ್ಚುಹುಚ್ಚಾಗಿ ಆಡುತ್ತಿದ್ದರೆ, ತಾನೇ ಟೈಪ್ ಆಗುತ್ತಿದ್ದರೆ, ಅದೂ ಸ್ಕ್ರೀನಿನ ದೋಷವಲ್ಲ, ಕಳಪೆ ಅಡಾಪ್ಟರಿನ ವಿದ್ಯುತ್ ಗದ್ದಲ.

80ಕ್ಕೆ ಬಂದು ನಿಂತರೆ ಗಾಬರಿ ಬೇಡ. ಈಗಿನ ಬಹಳಷ್ಟು ಮೊಬೈಲುಗಳಲ್ಲಿ ಬ್ಯಾಟರಿ ಉಳಿಸಲೆಂದು ಅಲ್ಲೇ ತಡೆಯುವ ಸೆಟ್ಟಿಂಗ್ ಇರುತ್ತದೆ, ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ನೋಡಿ. ಬಿಸಿಯಾದರೂ ಹಾಗೆ ಆಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗಿಟ್ಟು, ಮ್ಯಾಪ್ ಹಾಕಿಕೊಂಡು, ಚಾರ್ಜೂ ಏರಲಿ ಎಂದರೆ ಆಗದು. ಪೂರ್ತಿ ಸತ್ತ ಮೊಬೈಲ್ ಚಾರ್ಜಿಗೆ ಹಾಕಿದ ಕೂಡಲೇ ಏಳುವುದಿಲ್ಲ, ಅರ್ಧ ಗಂಟೆ ಬಿಟ್ಟು ಆಮೇಲೆ ಮಾತಾಡಿ. ಆಗಲೂ ಕಪ್ಪಾಗಿಯೇ ಇದ್ದರೆ ಆಂಡ್ರಾಯ್ಡಿನಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಎರಡನ್ನೂ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಐಫೋನಿನಲ್ಲಿ ವಾಲ್ಯೂಮ್ ಅಪ್ ಒಮ್ಮೆ, ಡೌನ್ ಒಮ್ಮೆ, ಆಮೇಲೆ ಪಕ್ಕದ ಬಟನ್ ಲೋಗೊ ಬರುವವರೆಗೆ.

ಬ್ಯಾಟರಿಯೇ ಹೋಗಿದ್ದರೆ ಲಕ್ಷಣ ಬೇರೆ. 25, 30 ಪರ್ಸೆಂಟ್ ಇರುವಾಗ ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುತ್ತದೆ, ಚಾರ್ಜಿಗೆ ಹಾಕಿದ ತಕ್ಷಣ ಮತ್ತೆ 25 ತೋರಿಸುತ್ತದೆ. ಹಳೆಯದಾದಂತೆ ಬ್ಯಾಟರಿಯ ಒಳತಡೆ ಏರಿ, ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿಯುವುದೇ ಕಾರಣ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್‌ನಲ್ಲಿ 80ಕ್ಕಿಂತ ಕೆಳಗಿದ್ದರೆ ಬದಲಿಸಿ. ಸ್ಯಾಮ್ಸಂಗಿನವರು ಸ್ಯಾಮ್ಸಂಗ್ ಮೆಂಬರ್ಸ್ ಆ್ಯಪಿನಲ್ಲಿ ನೋಡಬಹುದು. ಸ್ಕ್ರೀನ್ ಅಂಚಿನಲ್ಲಿ ಎದ್ದಿದ್ದರೆ, ಮೇಜಿನ ಮೇಲೆ ಅಂಗಾತ ಇಟ್ಟ ಮೊಬೈಲ್ ಬುಗುರಿಯಂತೆ ತಿರುಗಿದರೆ ಬ್ಯಾಟರಿ ಉಬ್ಬಿದೆ. ಒತ್ತಬೇಡಿ, ಚಾರ್ಜಿಗಿಡಬೇಡಿ, ಆಫ್ ಮಾಡಿ ಅವತ್ತೇ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಇಷ್ಟೆಲ್ಲ ನೋಡಿ ಪಿನ್ನೇ ಹೋಗಿದೆ ಎಂದಾದರೆ ಅಂಗಡಿಯವರನ್ನು ಕೇಳಬೇಕಾದದ್ದು ‘ಪಿನ್ ಮಾತ್ರ ಬೆಸುಗೆ ಹಾಕ್ತೀರಾ, ಬೋರ್ಡೇ ಬದಲಿಸ್ತೀರಾ?’ ಎಂದು. ಬಹಳಷ್ಟು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಪಿನ್ ಕೆಳಗಿನ ಒಂದು ಸಣ್ಣ ಬೋರ್ಡಿನ ಮೇಲಿರುತ್ತದೆ, ಅದನ್ನೇ ಕಳಚಿ ಹೊಸದು ಹಾಕಿದರಾಯಿತು. ಮೈಕ್ ಕೂಡ ಸಾಮಾನ್ಯವಾಗಿ ಆ ಬೋರ್ಡಿನ ಮೇಲೇ ಇರುತ್ತದೆ. ನಕಲಿ ಬೋರ್ಡಿನಲ್ಲಿ ಚಾರ್ಜ್ ಬಂದರೂ ಫಾಸ್ಟ್ ಚಾರ್ಜ್ ಹೋಗಿರಬಹುದು, ಮಾತಾಡಿದ್ದು ಆಚೆಯವರಿಗೆ ಗೊಗ್ಗರಾಗಿ ಕೇಳಬಹುದು. ಹಾಗಾಗಿ ದುಡ್ಡು ಕೊಡುವ ಮೊದಲು ಅಲ್ಲೇ ನಿಂತು, ನಿಮ್ಮದೇ ಅಡಾಪ್ಟರ್ ಮತ್ತು ಕೇಬಲ್ಲಿನಲ್ಲಿ ಎರಡೂ ಮಗ್ಗುಲಿಗೆ ತಿರುಗಿಸಿ ಚಾರ್ಜಿಗೆ ಹಾಕಿ ‘ಫಾಸ್ಟ್’ ಎಂದು ಬರುತ್ತದೆಯೇ ನೋಡಿ. ಮನೆಗೊಂದು ಫೋನ್ ಮಾಡಿ ಮಾತು ಸರಿಯಾಗಿ ಕೇಳುತ್ತಿದೆಯೇ ಎಂದು ಕೇಳಿ. ಒಮ್ಮೆ ಬಿಚ್ಚಿದ ಮೊಬೈಲಿನ ಅಂಟು ಮೊದಲಿನಂತೆ ಕೂತಿರುವುದಿಲ್ಲ, ಆದ್ದರಿಂದ ‘ವಾಟರ್‌ಪ್ರೂಫ್ ಇದೆಯಲ್ಲ’ ಎಂದು ಅದನ್ನು ಮಳೆಗೆ ಹಿಡಿಯಬೇಡಿ.