ಖರೀಫ್ ಮುಗಿದ ಮೇಲೆ: ಧೋಫಾರ್ ಬಂಡೆಗಳಿಂದ ದೊಡ್ಡ ಕೊಕ್ಕರ್‌ಗೆ ಗಾಳ

ಜೂನ್ ಬಂತೆಂದರೆ ಮಲ್ಪೆ, ಗಂಗೊಳ್ಳಿಯಲ್ಲಿ ಬೋಟುಗಳು ದಡ ಸೇರುತ್ತವಲ್ಲ, ಅದೇ ಹೊತ್ತಿಗೆ ಒಮಾನಿನ ದಕ್ಷಿಣದ ಧೋಫಾರಿನಲ್ಲೂ ಕಡಲು ಕೆಡುತ್ತದೆ. ಅದೇ ಅರಬ್ಬಿ ಸಮುದ್ರ, ಅದೇ ನೈಋತ್ಯ ಮುಂಗಾರು. ಧೋಫಾರಿನವರ ಬಾಯಲ್ಲಿ ಆ ಮಳೆಗಾಲವೇ ಖರೀಫ್. ಸಲಾಲಾದ ಗುಡ್ಡಗಳು ಹಸಿರಾಗುವ ಆ ಮೂರು ತಿಂಗಳು ಬಂಡೆಯಿಂದ ಗಾಳ ಎಸೆಯುವ ಮಾತೇ ಇಲ್ಲ. ಖರೀಫ್‌ಗೆ ಮುಂಚಿನ ಏಪ್ರಿಲ್–ಮೇ, ನಂತರದ ಅಕ್ಟೋಬರ್–ನವೆಂಬರ್‌ನಲ್ಲಿ ಮಿರ್ಬಾತ್‌ನಿಂದ ಹಾಸಿಕ್ ಕಡೆಗಿನ ಕಲ್ಲುದಂಡೆಗೆ ಗಾಳದವರು ಬರುತ್ತಾರೆ. ಹುಡುಕುವುದು ದೊಡ್ಡ ಕೊಕ್ಕರ್, ಅಂದರೆ ಜೈಂಟ್ ಟ್ರೆವಲಿ, ಎಲ್ಲರ ಬಾಯಲ್ಲೂ ಜಿ.ಟಿ. ಈ ಜಾತಿಯ ವಿಶ್ವದಾಖಲೆ 72.8 ಕಿಲೊ, 2006ರಲ್ಲಿ ಜಪಾನಿನ ಟೋಕಾರಾದಲ್ಲಿ ಸಿಕ್ಕಿದ್ದು. ಅದರ ಮೂರನೇ ಒಂದರಷ್ಟಿನ ಮೀನು ಕಚ್ಚಿದರೂ ದಡದಲ್ಲಿ ನಿಂತವನಿಗೆ ಬೇಕಾದಷ್ಟಾಯಿತು.

ಬೋಟಿನಲ್ಲಿದ್ದರೆ ಮೀನಿನ ಹಿಂದೆ ಹೋಗಬಹುದು, ಬಂಡೆಗೆ ಅಪ್ಪಿಕೊಳ್ಳುವ ಮೊದಲು ಆಳಕ್ಕೆ ಎಳೆಯಬಹುದು. ದಡದಲ್ಲಿ ಅದಾವುದೂ ಇಲ್ಲ. ಕೊಕ್ಕರ್ ಕಚ್ಚಿದ ಕೂಡಲೇ ಹತ್ತಿರದ ಕಲ್ಲಿನ ಅಂಚಿಗೆ ನುಗ್ಗುತ್ತದೆ. ಮೊದಲ ಹತ್ತು–ಹದಿನೈದು ಸೆಕೆಂಡಿನಲ್ಲೇ ತೀರ್ಮಾನ. ಹಾಗಾಗಿ ಎಸೆಯುವ ಮೊದಲೇ ನೋಡಬೇಕಾದ್ದು ಮೀನು ಎಲ್ಲಿ ಕಚ್ಚೀತು ಅನ್ನುವುದನ್ನಲ್ಲ, ಕಚ್ಚಿದ್ದನ್ನು ಎಲ್ಲಿಂದ ಮೇಲೆತ್ತುವುದು ಅನ್ನುವುದನ್ನು. ಇಳಿಯಲು ಮೆಟ್ಟಿಲಿನಂಥ ಚಾಚು ಇಲ್ಲದ, ಆರೇಳು ಮೀಟರ್ ಎತ್ತರದ ಬಂಡೆ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ರಾಡ್ ಹತ್ತಡಿ ಆಸುಪಾಸು, 150 ಗ್ರಾಂ ಎಸೆಯುವ ತಾಕತ್ತಿನದು. ರೀಲ್ 18000 ಅಥವಾ 20000 ಅಳತೆಯದು. ಶಿಮಾನೊ ಸ್ಟೆಲ್ಲಾ, ಡೈವಾ ಸಾಲ್ಟಿಗಾ ಇಲ್ಲಿ ಮಾಮೂಲು, ಬೆಲೆ ಮಾತ್ರ ಕೇಳಬೇಡಿ. ಪಿ.ಇ. 8 ದಪ್ಪದ ಹೆಣೆದ ದಾರ 300 ಮೀಟರ್, ಸ್ಪೂಲಿನ, ಅಂದರೆ ದಾರ ಸುತ್ತುವ ಉರುಳೆಯ, ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲುವಂತೆ. ಅದಕ್ಕಿಂತ ತುಂಬಿಸಿದರೆ ಸುತ್ತು ಸುತ್ತಾಗಿ ಉದುರಿ ಗಂಟು ಬೀಳುತ್ತದೆ. ತುದಿಗೆ 170–200 ಪೌಂಡಿನ ನೈಲಾನ್ ಲೀಡರ್, ಅಂದರೆ ಕಲ್ಲಿನ ಉಜ್ಜು ತಾಳುವ ದಪ್ಪ ತುದಿದಾರ.

ಲೀಡರ್ ಎಷ್ಟುದ್ದ ಎಂಬ ಜಗಳ ಮುಗಿಯುವಂಥದ್ದಲ್ಲ. ಉದ್ದ ಹೆಚ್ಚಿದಷ್ಟೂ ಕಲ್ಲಿನಿಂದ ರಕ್ಷಣೆ ಹೆಚ್ಚು. ಆದರೆ ದಾರ–ಲೀಡರ್ ಸೇರುವ ಗಂಟು ರಾಡಿನ ಉಂಗುರಗಳೊಳಗೆ ಬಂದರೆ ಎಸೆಯುವಾಗ ತಡೆಯುತ್ತದೆ, ಒಮ್ಮೆ ಸಿಕ್ಕಿಕೊಂಡರೆ 120 ಗ್ರಾಮಿನ ಲೂರ್ (ಹುಸಿಮೀನು) ದಾರ ಕಡಿದುಕೊಂಡು ಹಾರಿಹೋಗುತ್ತದೆ. ನಮ್ಮ ಮಟ್ಟಿಗೆ, ಗಂಟು ತುದಿಯ ಉಂಗುರದ ಹೊರಗೇ ನಿಲ್ಲುವಂತೆ ಒಂದೂವರೆ ಮೀಟರ್ ಸಾಕು.

ಈ ಗಂಟು ಎಫ್.ಜಿ. ಎಂಬ ಬಗೆಯದು. ಲೀಡರನ್ನು ಬಿಗಿಯಾಗಿ ಹಿಡಿದು ದಾರವನ್ನು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ 20–25 ಸುತ್ತು ಹಾಕಿ, ಎರಡು ಅರೆಗಂಟು ಬಿಗಿದು, ಒದ್ದೆ ಮಾಡಿ, ಕೈಗವಸು ಹಾಕಿಕೊಂಡು ಮೈಯ ಬಲದಿಂದ ಎಳೆಯಬೇಕು. ದಾರದ ಬಣ್ಣ ಗಾಢವಾಗಿ ಲೀಡರಿನೊಳಗೆ ಕಚ್ಚಿ ಕೂತರೆ ಸರಿ. ಆಮೇಲೆ ಲೀಡರಿನ ಬಾಲ ಕತ್ತರಿಸಿ, ದಾರದ ಮೇಲೇ ಇನ್ನೂ ಏಳೆಂಟು ಅರೆಗಂಟು. ಮೀನು ತಪ್ಪಿದಾಗ ತುಂಡಾದ ತುದಿಯನ್ನು ನೋಡದೆ ಎಸೆಯಬೇಡಿ: ಲೀಡರ್ ಬಿಳಿಚಿ ಒರಟಾಗಿದ್ದರೆ ಕಲ್ಲು ಕಡಿದದ್ದು, ತುದಿ ಹಂದಿಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದ್ದು. ಮೊದಲನೆಯದು ಕಡಲಿನ ಪಾಲು, ಎರಡನೆಯದು ನಿಮ್ಮದು.

ಡ್ರ್ಯಾಗನ್ನು, ಅಂದರೆ ಮೀನು ಎಷ್ಟು ಬಲವಾಗಿ ಎಳೆದರೆ ರೀಲ್ ದಾರ ಬಿಡಬೇಕು ಅನ್ನುವ ಬಿಗಿತವನ್ನು, ಕೈಯಂದಾಜಿನಲ್ಲಿ ಇಡಬಾರದು. ತೂಕ ನೋಡುವ ಕೊಕ್ಕೆ-ತಕ್ಕಡಿಗೆ ದಾರ ಕಟ್ಟಿ, ರಾಡ್ ಬಾಗಿಸಿ ಎಳೆದು ನೋಡಿ. 8ರಿಂದ 10 ಕಿಲೊ ಸಾಕು. ಬೋಟಿನವರು ಹೇಳುವ 15 ಕಿಲೊ ಇಲ್ಲಿ ನಡೆಯದು. ಹತ್ತಡಿ ರಾಡ್ ಒಂದು ಸನ್ನೆಗೋಲು, ಆದರೆ ಅದರ ಉದ್ದದ ತುದಿ ಮೀನಿನ ಕಡೆಗಿದೆ. ಒದ್ದೆ ಬಂಡೆಯ ಮೇಲೆ ಜಾರುವುದು ನೀವೇ. ರಾಡನ್ನು ಆಕಾಶಕ್ಕೆ ಎತ್ತಿದರೆ ಮುರಿಯುವುದೂ ಖಾತ್ರಿ. ತಗ್ಗಿಸಿ ಹಿಡಿದು ಸೊಂಟದಿಂದ ಎಳೆಯಿರಿ.

ಲೂರ್ ಎರಡು ಬಗೆ ಸಾಕು. ಅಲೆ ಒಡೆದು ನೊರೆ ಎದ್ದಿದ್ದರೆ ಬಾಯಿ ಅಗಲದ ಪಾಪರ್, 120–150 ಗ್ರಾಂ: ರಾಡನ್ನು ಪಕ್ಕಕ್ಕೆ ಜಗ್ಗಿ ‘ಗುಳುಂ’ ಅನ್ನಿಸಿ, ಎರಡು ಸೆಕೆಂಡ್ ಬಿಟ್ಟು ಮತ್ತೆ. ನೀರು ತಿಳಿಯಾಗಿದ್ದರೆ ಉದ್ದ ಎಳೆತಕ್ಕೆ ಈಜುವ ಸ್ಟಿಕ್‌ಬೇಟ್. ನೀರು ಚಿಮ್ಮಿದ್ದು ಕಂಡ ಕೂಡಲೇ ಜಗ್ಗುವುದು ಎಲ್ಲರ ತಪ್ಪು. ಭಾರ ಕೈಗೆ ಬರುವ ತನಕ ಎಳೆಯುತ್ತಲೇ ಇರಬೇಕು. ಮೂರು ಮೊನೆಯ ಕೊಕ್ಕೆಗಿಂತ 7/0–9/0ರ ಒಂಟಿ ಕೊಕ್ಕೆ ಮೇಲು, ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಒದ್ದಾಡುವ ಮೀನಿನ ಬಾಯಿಂದ ಕೊಕ್ಕೆ ಬಿಡಿಸುವಾಗ ಅದು ಅಂಗೈಗೆ ನೆಟ್ಟರೆ, ಆಸ್ಪತ್ರೆ ಗಂಟೆಗಟ್ಟಲೆ ದೂರ.

ಖರೀಫ್ ಮುಗಿದರೂ ದೂರದ ಅಲೆ ಬೇಗ ಸಾಯುವುದಿಲ್ಲ. ಹದಿನೈದು ನಿಮಿಷ ಕಡಲು ಶಾಂತ, ಆಮೇಲೆ ಒಂದರ ಹಿಂದೊಂದು ನಾಲ್ಕೈದು ಎತ್ತರದ ಅಲೆ. ಇಳಿಯುವ ಮೊದಲು ಮೇಲೆಯೇ ಅರ್ಧ ಗಂಟೆ ಕೂತು ನೋಡಿ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದಕ್ಕಿಂತ ಮೇಲೆ ನಿಲ್ಲಿ. ಫೋಮಿನ ಲೈಫ್ ಜಾಕೆಟ್ ಬೇಕು; ಗಾಳಿ ತುಂಬುವಂಥದ್ದು ಚಿಪ್ಪು ಕಲ್ಲಿಗೆ ತಾಗಿ ಹರಿಯುತ್ತದೆ. ಪಾಚಿಗೆ ಮೊಳೆಯ ಶೂ. ಒಬ್ಬರೇ ಹೋಗುವಂತಿಲ್ಲ.

ಮೀನು ಸುಸ್ತಾಗಿ ಹತ್ತಿರ ಬಂದಾಗ ಲೀಡರ್ ಹಿಡಿದು ಎತ್ತಲು ಹೋಗಬೇಡಿ. ಮೇಲೇಳುವ ಅಲೆಯೊಂದಿಗೆ ಸುತ್ತಿಕೊಳ್ಳುತ್ತ ಅದನ್ನು ಚಾಚಿನ ಮೇಲೆ ಕೂರಿಸಿ, ಅಲೆ ಹಿಂದೆ ಸರಿಯುವಾಗ ದಾರ ಬಿಡಿ, ಹಿಡಿದು ನಿಲ್ಲಿಸಬೇಡಿ. ಜೊತೆಗಾರ ಒದ್ದೆ ಕೈಗವಸಿನಲ್ಲಿ ಬಾಲದ ಬುಡ ಹಿಡಿಯುತ್ತಾನೆ. ವಾಪಸು ಬಿಡುವುದಾದರೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಲಗಿಸದೆ, ಫೋಟೊ ಒಂದೇ ಒಂದು ತೆಗೆದು, ತಲೆ ಮುಂದಾಗಿ ನೀರಿಗೆ ಇಳಿಸಿ.

ಊರಿನಿಂದ ಬರುವವರು ಪರವಾನಗಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಮಸ್ಕತ್‌ನಿಂದ ಸಲಾಲಾಕ್ಕೆ ರಸ್ತೆಯಲ್ಲಿ ಸುಮಾರು ಸಾವಿರ ಕಿಲೊಮೀಟರ್. ಮಿರ್ಬಾತ್‌ನಲ್ಲೇ ಪೆಟ್ರೋಲ್ ತುಂಬಿಸಿ, ದಿನಕ್ಕೆ ತಲೆಗೆ ಐದು ಲೀಟರ್ ನೀರು ಇಟ್ಟುಕೊಳ್ಳಿ. ಮುಂದೆ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.