ಎರಡಿಂಚಿನ ಘಾಟಿ

16 ಜುಲೈ 2023, ಭಾನುವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಮಹಡಿಯ ಕೋಣೆ ಸೇರಿದವನು ಮೂರನೆಯ ಸಲ ಊಟಕ್ಕೆ ಕರೆ ಬಂದ ಮೇಲೆಯೇ ಎದ್ದೆ. ಕಾರಣವಿತ್ತು. ಸಕಲೇಶಪುರ ಘಾಟಿಯ ಎಡಕುಮೇರಿ ನಿಲ್ದಾಣದ ಸುತ್ತಿನ ಹಳಿಯನ್ನು ಪುಟ್ಟ ಮಾದರಿಯಾಗಿ ಕಟ್ಟುತ್ತಿದ್ದೇನೆ; ಆ ನನ್ನ ಎಡಕುಮೇರಿಯನ್ನು ಇಂದು ಮೊದಲ ಬಾರಿಗೆ ಗೂಡ್ಸ್ ಗಾಡಿ ಎಲ್ಲೂ ನಿಲ್ಲದೆ ದಾಟಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಾಟಿ ಸುಮಾರು 55 ಕಿಲೋಮೀಟರ್. ನಾನು ಕಟ್ಟುತ್ತಿರುವುದು ಎಚ್‌ಒ ಅಳತೆಯಲ್ಲಿ, ನಿಜದ 87ರಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ 630 ಮೀಟರ್ ಹಳಿ ಬೇಕು. ನನ್ನಲ್ಲಿರುವುದು ಎಂಟಡಿ ಪ್ಲೈವುಡ್. 57 ಸುರಂಗಗಳಲ್ಲಿ ಎರಡನ್ನು, ನೂರಕ್ಕೂ ಹೆಚ್ಚು ಸೇತುವೆಗಳಲ್ಲಿ ಒಂದನ್ನು ಉಳಿಸಿಕೊಂಡೆ. ಎರಡು ಹಳಿಗಳ ನಡುವಿನ ಅಗಲದಲ್ಲೂ, ಅಂದರೆ ಗೇಜ್‌ನಲ್ಲೂ, ಮೋಸವಿದೆ: 16.5 ಮಿಲಿಮೀಟರ್ ಹೊರದೇಶದ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿ, ನಮ್ಮ ಬ್ರಾಡ್ ಗೇಜ್‌ಗೆ 19 ದಾಟಬೇಕು. ಯಾರೂ ಇನ್ನೂ ಹಿಡಿದಿಲ್ಲ.

ಕಾಡಿದ್ದು ಏರು. ನಿಜದ ಘಾಟಿಯಲ್ಲಿ ಐವತ್ತು ಅಡಿ ಸಾಗಿದರೆ ಒಂದಡಿ ಏರು. ಎಂಟಡಿಗೆ ಎರಡಿಂಚೂ ತುಂಬುವುದಿಲ್ಲ. ಹಾಗೆಯೇ ಕಟ್ಟಿ ದೂರ ನಿಂತು ನೋಡಿದರೆ ಥೇಟ್ ಬಯಲುಸೀಮೆಯ ಹಳಿ! ಸಿಟ್ಟಿನಲ್ಲಿ ನಾಲ್ಕಿಂಚಿಗೆ ಎತ್ತಿದೆ. ಆರು ವ್ಯಾಗನ್ ಎಳೆದುಕೊಂಡು ಎಂಜಿನ್ ಅರ್ಧ ದಾರಿಗೆ ಬಂದು, ಅಲ್ಲೇ ಚಕ್ರ ಜಾರಿಸುತ್ತಾ ಕೂತಿತು. ಭಾರ ಹೆಚ್ಚಿದರೆ ಹಿಡಿತ ಬಂದೀತೆಂದು ಅದರೊಳಗೆ ಸೀಸದ ತುಂಡು ಅಂಟಿಸಿ ನೋಡಿದೆ. ಎರಡು ವಾರ ಹಾಳು.

ಆಮೇಲೆ ಒಂದು ರಾತ್ರಿ, ನಿಜದ ಘಾಟಿಯಲ್ಲಿ ರೈಲಿನಲ್ಲಿ ಹೋದದ್ದು ನೆನಪಾಯಿತು. ಏರುತ್ತಿದ್ದೇವೆ ಎಂದು ಒಳಗೆ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ಕಿಟಕಿಯಿಂದ ಬಗ್ಗಿದಾಗ ಕೆಳಗೆ ನೆಲ ಕಾಣುವುದಿಲ್ಲ, ಎದೆ ಝಲ್ಲೆನ್ನುವುದು ಆಗ. ಹಳಿಯನ್ನು ಮರಳಿ ಎರಡಿಂಚಿಗೆ ಇಳಿಸಿ, ಅದರ ಪಕ್ಕದ ಪ್ಲೈವುಡ್ಡನ್ನೇ ಗರಗಸದಲ್ಲಿ ಕೊಯ್ದು ತೆಗೆದೆ. ಅಲ್ಲಿಂದ ಹದಿನಾಲ್ಕು ಇಂಚು ಕೆಳಕ್ಕೆ ಥರ್ಮಾಕೋಲಿನ ಕಣಿವೆ. ಅದರ ಮೇಲೆ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಚೂರು, ಪ್ಲಾಸ್ಟರ್, ಹಸಿರು ಬಣ್ಣ ಕುಡಿಸಿದ ಮರದ ಹೊಟ್ಟು. ಮಣ್ಣಿಗೆ ಮನೆಯ ಫಿಲ್ಟರಿನ ಕಾಫಿ ಚರಟ. ಸಕಲೇಶಪುರದ ಸೀಮೆಗೆ ಇನ್ನೇನು ಹಾಕಬೇಕು? ಮೊದಲ ಸಲ ಸರಿಯಾಗಿ ಒಣಗಿಸದೆ ಬೂಷ್ಟು ಹಿಡಿದು, ಇಡೀ ಬೆಟ್ಟವನ್ನು ಕೆರೆದು ತೆಗೆಯಬೇಕಾಯಿತು.

ಸಂಜೆ ಅಪ್ಪ ಮೆಟ್ಟಿಲು ಹತ್ತಿ ಬಂದರು. 1996ರಲ್ಲಿ ಗೇಜ್ ಪರಿವರ್ತನೆಗೆಂದು ದಾರಿ ಮುಚ್ಚುವ ಮೊದಲು, ಮೀಟರ್ ಗೇಜ್ ಗಾಡಿಯಲ್ಲಿ ಎಷ್ಟೋ ಸಲ ಮಂಗಳೂರಿಗೆ ಹೋದವರು. ಕನ್ನಡಕ ಹಣೆಗೇರಿಸಿ ಕಣಿವೆಯೊಳಗೆ ಬಗ್ಗಿ ನೋಡಿದರು. ಹೊಗಳುತ್ತಾರೆಂದು ಕಾದೆ.

"ಗೂಡ್ಸ್ ಅನ್ನುತ್ತೀಯ. ಹಿಂದೆ ತಳ್ಳುವ ಎಂಜಿನ್ ಎಲ್ಲಿ?"

ಹೌದಲ್ಲ, ಬ್ಯಾಂಕರ್! ಘಾಟಿಯಲ್ಲಿ ಭಾರದ ಗೂಡ್ಸ್ ಅದಿಲ್ಲದೆ ಹತ್ತುವುದುಂಟೇ? ಕಪಾಟಿನಲ್ಲಿದ್ದ ಇನ್ನೊಂದು ಎಂಜಿನ್ ತಂದು ಕೊನೆಗೆ ಜೋಡಿಸಿದೆ. ಒಂದೇ ವೋಲ್ಟ್ ಕೊಟ್ಟರೂ ಎರಡರ ಓಟ ಒಂದೇ ಅಲ್ಲ, ಹಿಂದಿನದು ಚುರುಕು. ಸೇತುವೆಯ ತಿರುವಿನಲ್ಲಿ ನಡುವಿನ ವ್ಯಾಗನ್ ಮೇಲೆದ್ದು, ಮಗ್ಗುಲಾಗಿ, ಕಾಫಿ ಚರಟದೊಳಕ್ಕೆ ಉರುಳಿತು.

ಅಪ್ಪ ಅದನ್ನು ಎತ್ತಿ, ಉಫ್ ಎಂದು ಊದಿ, ಹಳಿಯ ಮೇಲಿಟ್ಟರು. "ಇನ್ನೊಮ್ಮೆ ಬಿಡು, ನಿಧಾನಕ್ಕೆ."

ಮತ್ತೆ ಉರುಳಿತು. ನಾಳೆ ವೋಲ್ಟ್ ಇಳಿಸುವ ನಾಲ್ಕು ಡಯೋಡ್ ತಂದು ಹಿಂದಿನದರ ಓಟ ತಗ್ಗಿಸಬೇಕು.