ಬೋರ್ಡಿನಲ್ಲಿ 230, ಬಾವಿಯ ಹತ್ತಿರ 180

ಉಡುಪಿ ಕಡೆಯ ಅಡಿಕೆ ತೋಟಗಳಲ್ಲಿ ಮನೆ ಒಂದು ಕಡೆ, ಬಾವಿ ಇನ್ನೊಂದು ಕಡೆ. ಸ್ವಿಚ್ ಹಾಕಿದರೆ ಪಂಪು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಪಂಪಿನ ಬಳಿಯ ಸ್ವಿಚ್ ಆಫ್ ಮಾಡಿ ವಯರಿನಲ್ಲಿ ಅಳೆದರೆ ಬೋರ್ಡಿನಲ್ಲೂ 230 ವೋಲ್ಟ್, ಬಾವಿಯ ಹತ್ತಿರವೂ 230. ಮೋಟಾರೇ ಹೋಯಿತೆಂದು ರಿವೈಂಡಿಂಗ್‌ಗೆ ಕೊಡುವ ಮೊದಲು ಓಮನ ನಿಯಮವನ್ನು ಇಲ್ಲಿ ಹಚ್ಚಿ ನೋಡಿ.

ವಯರಿಗೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ ಇದೆ; ಅದರ ಅಳತೆ ಓಮ್. ವಯರಿನಲ್ಲಿ ಕಳೆಯುವ ವೋಲ್ಟ್ ಎಂದರೆ ಆಂಪಿಯರ್ × ಓಮ್. ಕರೆಂಟೇ ಹರಿಯದಿದ್ದರೆ ಕಳೆಯುವುದೂ ಸೊನ್ನೆ. ಆದ್ದರಿಂದ ಪಂಪು ಆಫ್ ಇರುವಾಗ ಸಿಗುವ 230, ವಯರು ಸಾಕೋ ಸಾಲದೋ ಎಂಬುದನ್ನು ಹೇಳುವುದೇ ಇಲ್ಲ.

1.5 ಸ್ಕ್ವೇರ್ ಎಂಎಂ ತಾಮ್ರದ ವಯರಿಗೆ ಕಿಲೋಮೀಟರಿಗೆ ಸುಮಾರು 12.1 ಓಮ್. ಬಾವಿ 60 ಮೀಟರ್ ದೂರವಿದ್ದರೆ ಲೆಕ್ಕ 120 ಮೀಟರಿಗೆ. ಕರೆಂಟು ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳಬೇಕಲ್ಲ, ಕಲಿಯುವವರು ಮರೆಯುವುದು ಇದನ್ನೇ. ಒಟ್ಟು 1.45 ಓಮ್. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 7 ಆಂಪಿಯರ್ ಎಳೆದರೆ 10 ವೋಲ್ಟ್ ಹೋಗುತ್ತದೆ, ತೊಂದರೆಯಿಲ್ಲ. ಆದರೆ ಸ್ಟಾರ್ಟ್ ಆಗುವಾಗ ಅದರ ಐದು ಪಟ್ಟು, 35 ಆಂಪಿಯರ್ ಬೇಕು. ಆಗ ಹೋಗುವುದು 50 ವೋಲ್ಟ್. ಮೋಟಾರಿಗೆ ಉಳಿಯುವುದು 180. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಸಿಗುವುದು ಶೇಕಡಾ 61 ಮಾತ್ರ. ಹಾಗೇ ಗುಂಯ್ಗುಡಲು ಬಿಟ್ಟರೆ ವೈಂಡಿಂಗ್ ನಿಜಕ್ಕೂ ಸುಡುತ್ತದೆ. 4 ಸ್ಕ್ವೇರ್ ಎಂಎಂ ಹಾಕಿದರೆ ಇಳಿಕೆ ಸುಮಾರು 19 ವೋಲ್ಟ್ ಅಷ್ಟೆ.

ಪರೀಕ್ಷೆ ಹೀಗೆ: ಮೇನ್ ಆಫ್ ಮಾಡಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಕ್ಲಿಪ್ಪುಗಳನ್ನು ಪಂಪಿನ ಟರ್ಮಿನಲ್ಲಿಗೆ ಸಿಕ್ಕಿಸಿ ದೂರ ಸರಿಯಿರಿ. ಇನ್ನೊಬ್ಬರು ಎರಡು ಮೂರು ಸೆಕೆಂಡು ಮಾತ್ರ ಆನ್ ಮಾಡಲಿ. ಬೋರ್ಡಿನಲ್ಲಿ 230 ಹಾಗೇ ಇದ್ದು ಇಲ್ಲಿ 180ರ ಹತ್ತಿರಕ್ಕೆ ಇಳಿದರೆ ತೊಂದರೆ ವಯರಿನದು. 220ರ ಆಸುಪಾಸು ನಿಂತೂ ಮೋಟಾರು ತಿರುಗದಿದ್ದರೆ ಕೆಪಾಸಿಟರ್ ಅಥವಾ ಬೇರಿಂಗ್ ನೋಡಿ. ಆ ಹೊತ್ತಿಗೆ ಬೋರ್ಡಿನಲ್ಲೂ ವೋಲ್ಟೇಜು ಕುಸಿದರೆ ತೊಂದರೆ ಮನೆಗೆ ಬರುವ ಲೈನಿನದು, ದಪ್ಪ ವಯರಿನಿಂದ ಅದು ಸರಿಹೋಗದು.

ನಮ್ಮ ಕಡಲ ಗಾಳಿಗೆ ಜಾಯಿಂಟುಗಳು ಕಿಲುಬು ಹಿಡಿಯುವುದು ಬೇಗ. ಒಂದೇ ಜಾಯಿಂಟಿನಲ್ಲಿ ಅರ್ಧ ಓಮ್ ಸೇರಿದರೆ ಬಿಸಿಯ ಲೆಕ್ಕ ಆಂಪಿಯರ್ × ಆಂಪಿಯರ್ × ಓಮ್: 7 × 7 × 0.5, ಅಂದರೆ 24.5 ವ್ಯಾಟ್ ಬಿಸಿ ಬೆರಳಗಲದ ಜಾಗದಲ್ಲಿ. ಟೇಪು ಕರಗಿದ ಗುರುತು ಕಂಡರೆ ಮತ್ತೆ ಟೇಪು ಸುತ್ತಬೇಡಿ. ಮೇನ್ ಆಫ್ ಮಾಡಿ, ಕಪ್ಪಾದ ತಾಮ್ರ ಕತ್ತರಿಸಿ, ಹೊಸ ತುದಿಗೆ ಲಗ್ (ವಯರಿನ ತುದಿಗೆ ಹಾಕುವ ಲೋಹದ ತುಂಡು) ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿ ಮಾಡಿ.